ಅಡ್ರಿನಲಿನ್ ಮತ್ತು ಹೃದಯಸ್ನಾಯು: ಒಂದು ಶೋಧದ ಇತಿಹಾಸ

ಅಡ್ರಿನಲ್ ಗ್ರಂಥಿಯ ಸಾರಕ್ಕೆ ಹೃದಯದ ಮಿಡಿತವನ್ನು ಬಲಪಡಿಸುವ ಶಕ್ತಿಯಿದೆ ಎಂಬುದು ಪ್ರಯೋಗದಿಂದ ಗೊತ್ತಾದದ್ದು 1890ರ ದಶಕದ ಲಂಡನ್ನಿನಲ್ಲಿ. ಹ್ಯಾರೊಗೇಟ್ ಊರಿನ ವೈದ್ಯ ಜಾರ್ಜ್ ಆಲಿವರ್ ಈ ಸಾರವನ್ನು ಯೂನಿವರ್ಸಿಟಿ ಕಾಲೇಜಿನ ಶರೀರಕ್ರಿಯಾ ವಿಜ್ಞಾನಿ ಎಡ್ವರ್ಡ್ ಶೇಫರ್ ಅವರ ಬಳಿಗೆ ಒಯ್ದರು. ಅದನ್ನು ನಾಯಿಯ ರಕ್ತನಾಳಕ್ಕೆ ಚುಚ್ಚಿದಾಗ ಒತ್ತಡ ಅಳೆಯುವ ಕೊಳವೆಯ ಪಾದರಸ ಸರ್ರನೆ ಮೇಲೇರಿತು. ಹೃದಯದ ವರ್ತನೆ ಮಾತ್ರ ಗೊಂದಲ ಹುಟ್ಟಿಸಿತು. ಮೆದುಳಿನಿಂದ ಬರುವ ವೇಗಸ್ ನರ ಹಾಗೇ ಇದ್ದರೆ ಬಡಿತ ನಿಧಾನವಾಗುತ್ತಿತ್ತು; ಆ ನರವನ್ನು ಕತ್ತರಿಸಿದರೆ ಹೃದಯ ವೇಗವಾಗಿ, ಬಿರುಸಾಗಿ ಬಡಿಯುತ್ತಿತ್ತು. ಏರಿದ ರಕ್ತದೊತ್ತಡಕ್ಕೆ ಕಡಿವಾಣ ಹಾಕಲು ದೇಹವೇ ವೇಗಸ್ ನರದ ಮೂಲಕ ಬಡಿತವನ್ನು ತಗ್ಗಿಸುತ್ತಿತ್ತು; ಸಾರದ ನೇರ ಪರಿಣಾಮ ಅದರ ಮರೆಯಲ್ಲಿ ಉಳಿದಿತ್ತು. ಜಪಾನಿನ ರಸಾಯನವಿಜ್ಞಾನಿ ಜೋಕಿಚಿ ತಕಾಮಿನೆ ನ್ಯೂಯಾರ್ಕಿನಲ್ಲಿ ಈ ಸಾರದ ಸಕ್ರಿಯ ವಸ್ತುವಾದ ಅಡ್ರಿನಲಿನ್ ಅನ್ನು ಶುದ್ಧ ಹರಳಾಗಿ ಬೇರ್ಪಡಿಸಿ 1901ರಲ್ಲಿ ಪ್ರಕಟಿಸಿದರು.

ಇದು ಸ್ನಾಯುವಿನ ಮೇಲೆ ಎಲ್ಲಿ ಹಿಡಿತ ಸಾಧಿಸುತ್ತದೆ ಎಂಬ ಪ್ರಶ್ನೆ ಉಳಿಯಿತು. ಕೇಂಬ್ರಿಜ್‌ನ ಟಿ. ಆರ್. ಎಲಿಯಟ್ 1904ರಲ್ಲಿ, ಹೃದಯವನ್ನು ಚುರುಕುಗೊಳಿಸುವ ಸಿಂಪಥೆಟಿಕ್ ನರಗಳ ತುದಿಯಿಂದ ಅಡ್ರಿನಲಿನ್ ಹೊರಬೀಳುತ್ತಿರಬಹುದು ಎಂದು ಸೂಚಿಸಿದರು. ಮರುವರ್ಷ ಅವರ ಗುರು ಲ್ಯಾಂಗ್ಲಿ, ಔಷಧಗಳನ್ನು ಸ್ವೀಕರಿಸುವ ವಿಶೇಷ ವಸ್ತುವೊಂದು ಜೀವಕೋಶದಲ್ಲೇ ಇರಬೇಕೆಂದರು. 1921ರಲ್ಲಿ ಆಸ್ಟ್ರಿಯದ ಗ್ರಾಜ್‌ನಲ್ಲಿ ಆಟೊ ಲೋವಿ ಒಂದು ಕಪ್ಪೆಯ ಹೃದಯದ ನರವನ್ನು ಪ್ರಚೋದಿಸಿ, ಅದನ್ನು ತೊಯ್ಯಿಸಿದ್ದ ದ್ರವವನ್ನು ಮತ್ತೊಂದು ಹೃದಯಕ್ಕೆ ಹರಿಸಿದರು. ಎರಡನೆಯ ಹೃದಯವೂ ಮೊದಲನೆಯದರಂತೆಯೇ ವರ್ತಿಸಿತು. ನರವು ರಾಸಾಯನಿಕದ ಮೂಲಕ ಸಂದೇಶ ಕಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಪುರಾವೆ ಬೇಕಿರಲಿಲ್ಲ. ಸಸ್ತನಿಗಳ ಸಿಂಪಥೆಟಿಕ್ ನರಗಳಲ್ಲಿ ಆ ಕೆಲಸ ಮುಖ್ಯವಾಗಿ ನಾರ್ ಅಡ್ರಿನಲಿನ್‌ನದು ಎಂದು ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ 1946ರಲ್ಲಿ ತೋರಿಸಿದರು.

ಅಮೆರಿಕದ ಜಾರ್ಜಿಯದಲ್ಲಿ ರೇಮಂಡ್ ಆಲ್ಕ್ವಿಸ್ಟ್ ಇಂಥ ಹಲವು ರಾಸಾಯನಿಕಗಳನ್ನು ಬೇರೆ ಬೇರೆ ಅಂಗಗಳ ಮೇಲೆ ಪ್ರಯೋಗಿಸಿ, ಯಾವುದು ಎಲ್ಲಿ ಹೆಚ್ಚು ಪ್ರಬಲವೆಂದು ಪಟ್ಟಿ ಮಾಡಿದರು. ರಕ್ತನಾಳ ಕುಗ್ಗಿಸುವುದರಲ್ಲಿ ಕೊನೆಯ ಸ್ಥಾನದಲ್ಲಿದ್ದ ಐಸೊಪ್ರಿನಲಿನ್ ಹೃದಯದ ವಿಷಯದಲ್ಲಿ ಮೊದಲ ಸ್ಥಾನಕ್ಕೇರಿತು. ಹಾಗಾದರೆ ಲ್ಯಾಂಗ್ಲಿ ಹೇಳಿದ್ದ ಸ್ವೀಕರಿಸುವ ವಸ್ತುಗಳು, ಅಂದರೆ ಗ್ರಾಹಕಗಳು, ಎರಡು ಬಗೆಯವಾಗಿರಲೇಬೇಕು. ಅವನ್ನು ಆಲ್ಫಾ ಮತ್ತು ಬೀಟಾ ಎಂದು ಕರೆದರು, ಹೃದಯದಲ್ಲಿರುವುದು ಬೀಟಾ. ಅವರ ಲೇಖನವನ್ನು ಔಷಧವಿಜ್ಞಾನದ ಪ್ರಮುಖ ಪತ್ರಿಕೆಯೊಂದು ತಿರಸ್ಕರಿಸಿತು. 1948ರಲ್ಲಿ ಶರೀರಕ್ರಿಯಾ ವಿಜ್ಞಾನದ ಪತ್ರಿಕೆಯಲ್ಲಿ ಅಚ್ಚಾದ ಮೇಲೂ ಹತ್ತು ವರ್ಷ ಅದನ್ನು ಗಮನಿಸಿದವರು ಕಡಿಮೆ. ಅದರ ಬೆಲೆ ತಿಳಿದವರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಮುಖ್ಯರು. ಆಂಜೈನಾ ಎಂಬ ಹೃದಯಸಂಬಂಧಿ ಎದೆನೋವು ಇರುವವರ ಹೃದಯಕ್ಕೆ ಹೆಚ್ಚು ಆಮ್ಲಜನಕ ಒದಗಿಸುವ ಬದಲು ಅದರ ಬೇಡಿಕೆಯನ್ನೇ ತಗ್ಗಿಸಬೇಕೆಂಬುದು ಅವರ ವಿಚಾರ. ಬೀಟಾ ಗ್ರಾಹಕವನ್ನು ತಡೆಯುವ ಪ್ರೊಪ್ರಾನೊಲಾಲ್ ಆ ವಿಚಾರದ ಫಲ. ಅದರ ವಿವರ 1964ರಲ್ಲಿ ಹೊರಬಂತು.

ಗ್ರಾಹಕ ಪ್ರಚೋದನೆಗೊಂಡ ಮೇಲೆ ಸ್ನಾಯುವಿನ ಒಳಗೆ ನಡೆಯುವುದೇನು? ಇದರ ಎಳೆ ಹಿಡಿಯಲು 1882ಕ್ಕೆ ಹಿಂದಿರುಗಬೇಕು. ಸಿಡ್ನಿ ರಿಂಗರ್ ಅವರ ಪ್ರಯೋಗಾಲಯದಲ್ಲಿ ಕಪ್ಪೆಯ ಹೃದಯ ಉಪ್ಪುನೀರಿನಲ್ಲಿ ಚೆನ್ನಾಗಿ ಮಿಡಿಯುತ್ತಿತ್ತು. ಆ ದ್ರಾವಣಕ್ಕೆ ಬಳಸಿದ್ದು ಬಟ್ಟಿ ಇಳಿಸಿದ ನೀರಲ್ಲ, ಲಂಡನ್ನಿನ ನಲ್ಲಿ ನೀರು ಎಂಬುದು ಆಮೇಲೆ ತಿಳಿಯಿತು. ಬಟ್ಟಿ ಇಳಿಸಿದ ನೀರು ಬಳಸಿದಾಗ ಮಿಡಿತ ಬೇಗನೆ ಸೊರಗಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಇಲ್ಲದೆ ಹೃದಯ ಸಂಕುಚಿಸದು ಎಂಬ ಸತ್ಯ ಹೊರಬಂದದ್ದು ಹೀಗೆ.

ಗ್ರಾಹಕಕ್ಕೂ ಕ್ಯಾಲ್ಸಿಯಂಗೂ ಇರುವ ಕೊಂಡಿ 1950ರ ದಶಕದ ಕೊನೆಯಲ್ಲಿ ಸಿಕ್ಕಿತು. ಅರ್ಲ್ ಸದರ್ಲೆಂಡ್, ಯಕೃತ್ತಿನ ಮೇಲೆ ಹಾರ್ಮೋನುಗಳ ಪರಿಣಾಮವನ್ನು ಪರಿಶೀಲಿಸುತ್ತ, ಸೈಕ್ಲಿಕ್ ಎಎಂಪಿ ಎಂಬ ಅಣುವನ್ನು ಕಂಡರು. ಹೃದಯದಲ್ಲೂ ಬೀಟಾ ಗ್ರಾಹಕ ಪ್ರಚೋದನೆಗೊಂಡರೆ ಕೋಶದೊಳಗೆ ಈ ಅಣು ಹೆಚ್ಚುತ್ತದೆ. ಅದು ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ. ಕಿಣ್ವವು ಫಾಸ್ಫೇಟ್ ಸೇರಿಸುವ ಮೂಲಕ ಕೋಶಪೊರೆಯ ಕ್ಯಾಲ್ಸಿಯಂ ಕಾಲುವೆಗಳನ್ನು ಹೆಚ್ಚು ತೆರೆದಾಗ ಪ್ರತಿ ಬಡಿತಕ್ಕೂ ಹೆಚ್ಚು ಕ್ಯಾಲ್ಸಿಯಂ ಒಳಬರುತ್ತದೆ, ಸಂಕೋಚನ ಬಲವಾಗುತ್ತದೆ.

ಆದರೆ ಬಿಗಿಯಾಗಿ ಕುಗ್ಗಿದರಷ್ಟೇ ಸಾಲದು. ನಿಮಿಷಕ್ಕೆ 180 ಬಾರಿ ಬಡಿಯುವ ಹೃದಯಕ್ಕೆ ಒಂದು ಬಡಿತಕ್ಕೆ ಸಿಗುವುದು ಸೆಕೆಂಡಿನ ಮೂರನೇ ಒಂದು ಭಾಗ. ಬೇಗ ಸಡಿಲವಾಗದಿದ್ದರೆ ರಕ್ತ ತುಂಬಿಕೊಳ್ಳಲು ಸಮಯವೇ ಇರದು. 1970ರ ದಶಕದಲ್ಲಿ ಅಮೆರಿಕದ ಆರ್ನಾಲ್ಡ್ ಕಾಟ್ಸ್ ಮತ್ತು ಅವರ ಸಂಗಡಿಗ ಮಿಚಿಹಿಕೊ ತಾಡಾ ಗುರುತಿಸಿದ ಫಾಸ್ಫೋಲಾಂಬನ್ ಇದಕ್ಕೆ ಉತ್ತರ. ಈ ಪುಟ್ಟ ಪ್ರೋಟೀನು ಕ್ಯಾಲ್ಸಿಯಂ ಅನ್ನು ಕೋಶದೊಳಗಿನ ಉಗ್ರಾಣಕ್ಕೆ ಮರಳಿ ತುಂಬುವ ಪಂಪನ್ನು ಸದಾ ತಡೆಹಿಡಿದಿರುತ್ತದೆ. ಅದೇ ಕಿಣ್ವ ಇದಕ್ಕೂ ಫಾಸ್ಫೇಟ್ ಸೇರಿಸಿದೊಡನೆ ತಡೆ ಸಡಿಲವಾಗಿ ಪಂಪು ಚುರುಕಾಗುತ್ತದೆ. ಸ್ನಾಯು ಬೇಗ ಸಡಿಲಗೊಳ್ಳುತ್ತದೆ. ಉಗ್ರಾಣ ಹೆಚ್ಚು ತುಂಬಿಕೊಂಡು ಮುಂದಿನ ಸಂಕೋಚನವೂ ಬಲವಾಗುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಸೊಗಸಾದ ಭಾಗ ಇದೇ.

ಬೀಟಾ ಪ್ರಚೋದನೆಯೇ ಹೃದಯಕ್ಕೆ ಬಲ ಕೊಡುತ್ತದೆ ಎಂದು ತಿಳಿದಿದ್ದರಿಂದಲೇ ಹೃದಯ ವೈಫಲ್ಯದ ರೋಗಿಗೆ ಬೀಟಾ ತಡೆಮದ್ದು ಕೊಡುವುದು ಅಪಾಯವೆಂದು ವೈದ್ಯರು ನಂಬಿದ್ದರು. 1975ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಫಿನ್ ವಾಗ್‌ಸ್ಟೈನ್ ಮತ್ತು ಸಂಗಡಿಗರು ಏಳು ರೋಗಿಗಳಿಗೆ ಅದನ್ನೇ ಕೊಟ್ಟು ಸುಧಾರಣೆ ಕಂಡಾಗ ನಂಬಿದವರು ಕೆಲವರೇ. ಸೋತ ಹೃದಯದಲ್ಲಿ ಬೀಟಾ ಗ್ರಾಹಕಗಳು ಸುಮಾರು ಅರ್ಧಕ್ಕೆ ಇಳಿದಿರುತ್ತವೆ ಎಂದು 1982ರಲ್ಲಿ ಮೈಕೆಲ್ ಬ್ರಿಸ್ಟೊ ತಂಡ ತೋರಿಸಿತು. ಬಿಡುವಿಲ್ಲದ ಸಿಂಪಥೆಟಿಕ್ ಪ್ರಚೋದನೆ ದಣಿದ ಎತ್ತಿಗೆ ಚಾಟಿ ಬೀಸಿದಂತೆ ಹೃದಯವನ್ನು ಇನ್ನಷ್ಟು ಕುಸಿಯುವಂತೆ ಮಾಡುತ್ತಿತ್ತು. 1999ರಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳಲ್ಲಿ, ಬಿಸೊಪ್ರೊಲಾಲ್ ಮತ್ತು ಮೆಟೊಪ್ರೊಲಾಲ್ ಎಂಬ ಬೀಟಾ ತಡೆಮದ್ದುಗಳನ್ನು ಪಡೆದ ಇಂಥ ರೋಗಿಗಳ ಸಾವಿನ ಪ್ರಮಾಣ ಸುಮಾರು ಮೂರನೇ ಒಂದರಷ್ಟು ತಗ್ಗಿತು. ಅಂದಿನಿಂದ ಈ ಔಷಧವನ್ನು ಅತಿ ಕಡಿಮೆ ಪ್ರಮಾಣದಲ್ಲಿ ಆರಂಭಿಸಿ, ವಾರಗಟ್ಟಲೆ ಕಾದು, ಮೆಲ್ಲಗೆ ಏರಿಸುವುದು ರೂಢಿಯಾಯಿತು.