ಶ್ರೀರಂಗಪಟ್ಟಣದ ಸೀಮೆಯ ಸಾಹಿತ್ಯದಲ್ಲಿ ಸ್ತ್ರೀಪಾತ್ರವೂ ಸ್ತ್ರೀವಾಕ್ಕೂ

ಕನ್ನಡ ಕಾವ್ಯಗಳಲ್ಲಿ ಸ್ತ್ರೀಪಾತ್ರಗಳು ಹೇಗೆ ನಿರೂಪಿತವಾಗಿವೆಯೆಂಬ ವಿಚಾರವನ್ನು ಎತ್ತಿಕೊಂಡವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುವರು. ನಾಯಿಕೆಯ ರೂಪವು ಹೇಗೆ ವರ್ಣಿತವಾಗಿದೆ ಎಂಬುದು ಮೊದಲನೆಯದು. ಆಕೆಯ ಶೀಲವು ಹೇಗೆ ಪರೀಕ್ಷಿತವಾಗಿದೆ ಎಂಬುದು ಎರಡನೆಯದು. ಇವೆರಡಕ್ಕಿಂತಲೂ ಮುಖ್ಯವಾದ ಮೂರನೆಯ ಪ್ರಶ್ನೆಯೊಂದುಂಟು. ಆ ಸ್ತ್ರೀಯು ಯಾರನ್ನು ಕುರಿತು ಮಾತನಾಡುತ್ತಾಳೆ, ಆಕೆಯ ಮಾತಿನಿಂದ ಏನು ನಡೆಯುತ್ತದೆ ಎಂಬುದೇ ಆ ಪ್ರಶ್ನೆ. ರೂಪಶೀಲಗಳನ್ನು ಮಾತ್ರ ನೋಡಿದರೆ ಹಳೆಯ ಕಾವ್ಯಗಳ ಸ್ತ್ರೀಯರೆಲ್ಲರೂ ಒಂದೇ ಅಚ್ಚಿನಲ್ಲಿ ಎರೆದವರಂತೆ ಕಾಣುವರು. ವಾಕ್ಕನ್ನು ನೋಡಿದರೆ ಅವರಲ್ಲಿರುವ ಭೇದವು ಸ್ಪಷ್ಟವಾಗುವುದು.

ಈ ಪರೀಕ್ಷೆಗೆ ಮಂಡ್ಯದ ಸೀಮೆಗಿಂತ ಉತ್ತಮವಾದ ಕ್ಷೇತ್ರವು ದೊರೆಯಲಾರದು. ಕೃಷ್ಣರಾಜಪೇಟೆಯ ತಾಲ್ಲೂಕಿನ ಬೂಕನಕೆರೆಯನ್ನು ನಡುವಾಗಿಟ್ಟುಕೊಂಡು ನೋಡಿದರೆ, ಒಂದು ಕಡೆ ಕಿಕ್ಕೇರಿ, ಮತ್ತೊಂದು ಕಡೆ ಮೇಲುಕೋಟೆ, ಇನ್ನೊಂದು ಕಡೆ 1610ರಿಂದ 1799ರ ವರೆಗೆ ಮೈಸೂರು ಸಂಸ್ಥಾನದ ರಾಜಧಾನಿಯಾಗಿದ್ದ ಶ್ರೀರಂಗಪಟ್ಟಣವು ಇವೆ. ಈ ಕಿರಿದಾದ ಪ್ರದೇಶದಲ್ಲಿ ಶಾಸನದ ಸ್ತ್ರೀ, ಐತಿಹ್ಯದ ಸ್ತ್ರೀ, ಪುರುಷಕವಿಯ ಸ್ತ್ರೀ, ಕವಯಿತ್ರಿಯ ಸ್ತ್ರೀ ಎಂಬ ನಾಲ್ಕು ಬಗೆಯ ಚಿತ್ರಗಳು ಒಟ್ಟಿಗೆ ದೊರೆಯುತ್ತವೆ.

ಮೊದಲು ಶಾಸನದ ಸ್ತ್ರೀಯನ್ನು ನೋಡಬಹುದು. ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯವನ್ನು 1171ರಲ್ಲಿ, ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ, ಬಮ್ಮವೆ ನಾಯಕಿತಿಯೆಂಬ ಮಹಿಳೆಯು ಕಟ್ಟಿಸಿದಳು. ಶಾಸನದಲ್ಲಿ ಆಕೆಯು ಕ್ರಿಯೆಗೆ ಕರ್ತೃ. ಆಕೆಯ ಸಂಕಲ್ಪವು ಕಲ್ಲಾಗಿ ನಿಂತಿದೆ. ಲೋಕದಲ್ಲಿ ಸ್ತ್ರೀಯು ಸಂಕಲ್ಪಶಕ್ತಿಯಿಲ್ಲದವಳಾಗಿದ್ದುದರಿಂದಲೇ ಕಾವ್ಯದಲ್ಲಿಯೂ ಹಾಗೆ ಚಿತ್ರಿತಳಾದಳೆಂಬ ವಾದವು ಈ ಒಂದು ಶಾಸನದ ಮುಂದೆಯೇ ನಿಲ್ಲಲಾರದು. ಕಾವ್ಯದ ಕಾರಣವನ್ನು ಕಾವ್ಯಪದ್ಧತಿಯಲ್ಲಿಯೇ ಹುಡುಕಬೇಕಾಗಿದೆ.

ಆ ಪದ್ಧತಿಯು ವಿದ್ವಾಂಸರಿಗೆ ತಿಳಿಯದ್ದಲ್ಲ. ಆಲಂಕಾರಿಕರು ನಾಯಿಕೆಯನ್ನು ಸ್ವೀಯೆ, ಅನ್ಯೆ, ಸಾಮಾನ್ಯೆ ಎಂದೂ, ಸ್ವೀಯೆಯನ್ನು ಮುಗ್ಧೆ, ಮಧ್ಯೆ, ಪ್ರಗಲ್ಭೆ ಎಂದೂ ವಿಭಾಗಿಸಿದರು. ವಾಸಕಸಜ್ಜಿಕೆ, ವಿರಹೋತ್ಕಂಠಿತೆ, ಖಂಡಿತೆ, ವಿಪ್ರಲಬ್ಧೆ, ಪ್ರೋಷಿತಭರ್ತೃಕೆ ಮುಂತಾದ ಎಂಟು ಅವಸ್ಥೆಗಳನ್ನೂ ಹೇಳಿದರು. ಸೂಕ್ಷ್ಮವಾಗಿ ವಿಚಾರಿಸಿದರೆ ಈ ಎಂಟೂ ನಾಯಕನಿಗೆ ಅಧೀನವಾದ ಅವಸ್ಥೆಗಳು: ಆತನು ಬರುವನೋ, ಬಾರದೆ ಹೋದನೋ, ಅನ್ಯಳಲ್ಲಿ ಇದ್ದು ಬಂದನೋ, ದೇಶಾಂತರಕ್ಕೆ ತೆರಳಿದನೋ ಎಂಬುದರ ಮೇಲೆ ನಾಯಿಕೆಯ ಹೆಸರು ನಿರ್ಣಯವಾಗುವುದು. ಸಂಕೇತಸ್ಥಾನಕ್ಕೆ ತಾನೇ ನಡೆಯುವ ಅಭಿಸಾರಿಕೆಯ ನಡೆಗೂ ಆತನೇ ಗುರಿ. ಶಾಸ್ತ್ರವು ರಸನಿರೂಪಣೆಗಾಗಿ ಹುಟ್ಟಿದುದರಿಂದ ಇದು ಅದರ ದೋಷವೆನಿಸಲಾರದು. ಆದರೆ ಶಾಸ್ತ್ರವನ್ನು ಅಳತೆಗೋಲಾಗಿ ಹಿಡಿದ ಕವಿಗಳಿಗೆ ಸ್ತ್ರೀಯ ಬೇರೆ ಮುಖಗಳು ಕಾಣದೆ ಹೋದುವು.

ಚಿಕ್ಕದೇವರಾಜ ಒಡೆಯರ (1673–1704) ಆಸ್ಥಾನದಲ್ಲಿ ಇದರ ಉದಾಹರಣೆಯು ದೊರೆಯುತ್ತದೆ. ಮಂತ್ರಿಯಾದ ತಿರುಮಲಾರ್ಯನ ತಮ್ಮನಾದ ಸಿಂಗರಾರ್ಯನು ರಚಿಸಿದ ‘ಮಿತ್ರವಿಂದಾಗೋವಿಂದ’ವು ಕನ್ನಡದಲ್ಲಿ ಉಪಲಬ್ಧವಾಗಿರುವ ಮೊದಲ ನಾಟಕವು. ಶ್ರೀಹರ್ಷನ ‘ರತ್ನಾವಲಿ’ಯನ್ನು ಅನುಸರಿಸಿ, ಉದಯನನ ಸ್ಥಾನದಲ್ಲಿ ಶ್ರೀಕೃಷ್ಣನನ್ನೂ ರತ್ನಾವಲಿಯ ಸ್ಥಾನದಲ್ಲಿ ಮಿತ್ರವಿಂದೆಯನ್ನೂ ನಿಲ್ಲಿಸಿ ಇದು ರಚಿತವಾಗಿದೆ. ಮೂಲನಾಟಕದಲ್ಲಿ ಸಾಗರಿಕೆಯೆಂಬ ಹೆಸರಿನಿಂದ ಅಂತಃಪುರದಲ್ಲಿ ಅಡಗಿರುವ ನಾಯಿಕೆಯು ತನ್ನ ಅನುರಾಗವನ್ನು ರಾಜನಿಗೆ ಹೇಳುವುದಿಲ್ಲ. ಆತನ ಚಿತ್ರವನ್ನು ಬರೆಯುತ್ತಾಳೆ. ಸಖಿಯಾದ ಸುಸಂಗತೆಯೊಡನೆ ಗುಟ್ಟಾಗಿ ಮಾತನಾಡುತ್ತಾಳೆ. ಆ ಮಾತನ್ನು ಕೇಳಿ ಕಲಿತ ಸಾರಿಕೆಯೆಂಬ ಪಕ್ಷಿಯು ಅದನ್ನು ಉಚ್ಚರಿಸಲು ರಾಜನು ಕೇಳಿಸಿಕೊಳ್ಳುತ್ತಾನೆ. ನಾಟಕದ ದೃಷ್ಟಿಯಿಂದ ಇದು ಅತ್ಯಂತ ರಮಣೀಯವಾದ ಕಲ್ಪನೆ. ಆದರೂ ಒಂದು ಸಂಗತಿಯನ್ನು ಗಮನಿಸಬೇಕು: ಇಲ್ಲಿ ನಾಯಿಕೆಯ ಮಾತು ನಾಯಕನನ್ನು ಮುಟ್ಟುವುದು ಹಕ್ಕಿಯ ಕೊಕ್ಕಿನಿಂದ. ಕದ್ದು ಕೇಳಿದ ಮಾತಿಗೆ ಮಾಧುರ್ಯವುಂಟು, ಅಧಿಕಾರವಿಲ್ಲ.

ಈ ಸಿಂಗರಾರ್ಯನನ್ನೇ ಹೊನ್ನಮ್ಮನ ವಿದ್ಯಾಗುರುವಾದ ಅಳಸಿಂಗರಾರ್ಯನೆಂದು ವಿದ್ವಾಂಸರು ಗುರುತಿಸಿದ್ದಾರೆ. ಯಳಂದೂರಿನವಳಾದ ಹೊನ್ನಮ್ಮನು ರಾಣಿ ದೇವಾಜಮ್ಮಣ್ಣಿಯವರಿಗೆ ತಾಂಬೂಲದ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದು, ಅದರಿಂದಲೇ ಸಂಚಿಯ ಹೊನ್ನಮ್ಮನೆಂದು ಪ್ರಸಿದ್ಧಳಾದಳು. ಒಂಬತ್ತು ಸಂಧಿಗಳ ಸಾಂಗತ್ಯವಾದ ‘ಹದಿಬದೆಯ ಧರ್ಮ’ವು ಆಕೆಯ ಕೃತಿ. ಹದಿಬದೆಯೆಂದರೆ ಪತಿವ್ರತೆ. ಗುರುವು ನಾಯಿಕೆಯ ನಾಟಕವನ್ನು ಬರೆದರೆ ಶಿಷ್ಯೆಯು ನಾಯಿಕೆಯೇ ಇಲ್ಲದ ಕಾವ್ಯವನ್ನು ಬರೆದಳು. ಅದರ ವಿಷಯವು ಒಬ್ಬ ರಾಜಪುತ್ರಿಯ ವಿರಹವಲ್ಲ. ಮನೆಮನೆಯಲ್ಲಿ ಹುಟ್ಟಿ ಬೆಳೆದು ಮತ್ತೊಂದು ಮನೆಯನ್ನು ಸೇರುವ ಹೆಣ್ಣಿನ ದಿನಚರಿ.

ಈ ಕೃತಿಯನ್ನು ಅರ್ಥಮಾಡುವಲ್ಲಿ ಎರಡು ಅತಿರೇಕಗಳು ನಡೆದಿವೆ. ಒಂದು ಪಕ್ಷದವರು ಇದನ್ನು ಗೃಹಿಣಿಯರಿಗೆ ವಿಧೇಯತೆಯನ್ನು ಬೋಧಿಸುವ ನೀತಿಗ್ರಂಥವೆಂದು ಹೊಗಳಿದರು. ಮತ್ತೊಂದು ಪಕ್ಷದವರು ಹೆಣ್ಣನ್ನು ಹೀಗಳೆಯುವವರನ್ನು ಕವಯಿತ್ರಿಯು ಖಂಡಿಸುವ ಕೆಲವು ಪದ್ಯಗಳನ್ನು ಮಾತ್ರ ಆರಿಸಿಕೊಂಡು, ಉಳಿದುದನ್ನು ಬದಿಗಿಟ್ಟು, ಆಕೆಯನ್ನು ಸಂಪ್ರದಾಯದ ವಿರೋಧಿಯೆಂದು ಕೊಂಡಾಡಿದರು. ಪಾಠಪುಸ್ತಕಗಳಲ್ಲಿಯೂ ಉಪನ್ಯಾಸಗಳಲ್ಲಿಯೂ ಈ ಆಯ್ದ ಪದ್ಯಗಳೇ ಹೆಚ್ಚಾಗಿ ಕಾಣಿಸಿಕೊಳ್ಳುವುದರಿಂದ, ವಿದ್ಯಾರ್ಥಿಗಳಿಗೆ ಗ್ರಂಥದ ಸಮಗ್ರವಾದ ಅಭಿಪ್ರಾಯವು ತಿಳಿಯದೆ ಹೋಗಿದೆ. ಮೊದಲನೆಯವರು ಆಕೆಯ ಕೋಪವನ್ನು ಮುಚ್ಚಿದರು. ಎರಡನೆಯವರು ಆಕೆಯ ನಂಬಿಕೆಯನ್ನು ಮುಚ್ಚಿದರು.

ಗ್ರಂಥವನ್ನು ಇಡಿಯಾಗಿ ಓದಿದರೆ ಈ ಎರಡಕ್ಕೂ ವಿರೋಧವಿಲ್ಲವೆಂಬುದು ವ್ಯಕ್ತವಾಗುವುದು. ಪತಿಸೇವೆ, ಅತ್ತೆಮಾವಂದಿರ ಉಪಚಾರ, ಗೃಹಕೃತ್ಯ ಇವುಗಳಲ್ಲಿ ಹೊನ್ನಮ್ಮನಿಗೆ ಪೂರ್ಣವಾದ ಶ್ರದ್ಧೆಯುಂಟು. ಸ್ಮೃತಿಪುರಾಣಗಳ ಮಾತು ಆಕೆಗೆ ಪ್ರಮಾಣವೇ ಸರಿ. ಆದರೆ ಹೆಣ್ಣುಮಗುವನ್ನು ಕಡೆಗಣಿಸುವವರ ಮಾತು ಬಂದಾಗ ಆಕೆಯು ತಡೆದು ನಿಲ್ಲುತ್ತಾಳೆ. ಹೀಗಳೆಯುವವರನ್ನು ಹೆತ್ತು ಸಲಹಿದವಳೂ ಹೆಣ್ಣೇ ಎಂಬುದನ್ನು ನೆನಪಿಸುತ್ತಾಳೆ. ಮಗನಾಗಲಿ ಮಗಳಾಗಲಿ ಹುಟ್ಟಿನಿಂದಲೇ ಹೆಚ್ಚು ಕಡಮೆಯೆನಿಸರೆಂದೂ, ಏಳಿಗೆಯನ್ನು ಪಡೆದವರಿಂದಲೇ ಹೆತ್ತವರಿಗೆ ಸುಖವೆಂದೂ ನಿರ್ಣಯಿಸುತ್ತಾಳೆ. ಇದು ಗ್ರಂಥದ ಮೇಲೆ ಹೊರಗಿನಿಂದ ಬಂದು ಬಿದ್ದ ಪ್ರತಿಭಟನೆಯಲ್ಲ, ಅದರ ತಳಹದಿ. ಯಾರಿಂದ ಧರ್ಮವನ್ನು ಅಪೇಕ್ಷಿಸುವೆವೋ ಅವರನ್ನು ಹುಟ್ಟಿದಂದಿನಿಂದ ತಿರಸ್ಕರಿಸುವುದು ನ್ಯಾಯವಲ್ಲವೆಂಬ ಯುಕ್ತಿಯು ಇಲ್ಲಿ ಅಡಗಿದೆ. ಹದಿಬದೆಯ ಧರ್ಮವು ಹದಿಬದೆಯೊಬ್ಬಳ ಹೊರೆಯಲ್ಲ. ಆಕೆಯನ್ನು ಹೆತ್ತವರ ಮೇಲೆಯೂ ಅದು ಬೀಳುತ್ತದೆ. ಸಂಚಿಯನ್ನು ಹಿಡಿದವಳೊಬ್ಬಳು ರಾಜಸಭೆಯು ಓದುವ ಗ್ರಂಥದಲ್ಲಿ ಈ ಮಾತನ್ನು ನೇರವಾಗಿ ಆಡಿದಳೆಂಬುದೇ ಇಲ್ಲಿಯ ವಿಶೇಷವು. ಇಲ್ಲಿ ಸಾರಿಕೆಯ ಮಧ್ಯಸ್ಥಿಕೆಯಿಲ್ಲ.

ಅದೇ ಕಾಲದ ಶೃಂಗಾರಮ್ಮನು ‘ಪದ್ಮಿನೀಕಲ್ಯಾಣ’ವನ್ನು ರಚಿಸಿ ತಿರುಪತಿಯ ಶ್ರೀನಿವಾಸನ ವಿವಾಹವನ್ನು ವರ್ಣಿಸಿದಳು. ಮುಂದಿನ ತಲೆಮಾರಿನಲ್ಲಿ ದೊಡ್ಡ ಕೃಷ್ಣರಾಜ ಒಡೆಯರ (1714–1732) ರಾಣಿಯಾದ ಚೆಲುವಾಂಬೆಯು ‘ವರನಂದಿಕಲ್ಯಾಣ’ವನ್ನು ಬರೆದಳು. ಹೊನ್ನಮ್ಮನಂತೆ ಇವರಿಬ್ಬರೂ ಸಾಂಗತ್ಯವನ್ನೇ ಆರಿಸಿಕೊಂಡುದು ಆಕಸ್ಮಿಕವಲ್ಲ. ಚಂಪುವಿನ ಪ್ರೌಢಿಯು ಸಭೆಯ ಪಂಡಿತರಿಗೆ ಮೀಸಲಾಗಿದ್ದರೆ, ಸಾಂಗತ್ಯವು ಹಾಡುವ ಮಟ್ಟಾದುದರಿಂದ ಅಂತಃಪುರದ ಹಜಾರಕ್ಕೂ ಊರಿನ ಜಗಲಿಗೂ ಸಮನಾಗಿ ಸಲ್ಲುವುದು.

ಚೆಲುವಾಂಬೆಯ ಕಥಾವಸ್ತುವು ಮೇಲುಕೋಟೆಯದು. ದಿಲ್ಲಿಯ ಪಾದಶಾಹನ ಅರಮನೆಯನ್ನು ಸೇರಿದ್ದ ಉತ್ಸವಮೂರ್ತಿಯನ್ನು ರಾಮಾನುಜಾಚಾರ್ಯರು ಮರಳಿ ತಂದರೆಂದೂ, ಆ ಮೂರ್ತಿಯಲ್ಲಿ ಅನುರಕ್ತಳಾಗಿದ್ದ ಪಾದಶಾಹನ ಮಗಳು ಹಿಂಬಾಲಿಸಿ ಬಂದು ಸ್ವಾಮಿಯಲ್ಲಿ ಐಕ್ಯಳಾದಳೆಂದೂ ಐತಿಹ್ಯವು. ಚೆಲುವರಾಯಸ್ವಾಮಿಯ ಪಾದದ ಬಳಿ ಬೀಬಿನಾಚ್ಚಿಯಾರಳ ಮೂರ್ತಿಯು ಪೂಜೆಗೊಳ್ಳುತ್ತಿದೆ. ಆಚಾರ್ಯರು ಪರಮಪದವನ್ನು ಸೇರಿದುದು 1137ರಲ್ಲಿ ಎಂದು ಸಂಪ್ರದಾಯವು. ದಿಲ್ಲಿಯ ಸುಲ್ತಾನರ ಆಳ್ವಿಕೆಯು ಆರಂಭವಾದುದು 1206ರಲ್ಲಿ. ಆದಕಾರಣ ಈ ಕಥೆಯನ್ನು ಚರಿತ್ರೆಯ ಘಟನೆಯೆಂದು ಹೇಳುವುದು ಶಕ್ಯವಲ್ಲ. ಆದರೆ ಕಥೆಯ ನಿರೂಪಣೆಗೆ ತನ್ನದೇ ಆದ ಚರಿತ್ರೆಯುಂಟು. ಗುರುಪರಂಪರೆಯ ಕಥನದಲ್ಲಿ ಆಚಾರ್ಯರು ಪ್ರಧಾನರು. ರಾಜಪುತ್ರಿಯು ಪಲ್ಲಕ್ಕಿಯ ಹಿಂದೆ ಬರುವವಳು. ರಾಣಿಯ ಕಾವ್ಯದಲ್ಲಿಯಾದರೋ ಗ್ರಂಥದ ಹೆಸರೇ ಆ ಕನ್ಯೆಯದು. ಆಕೆಯನ್ನು ಸತ್ಯಭಾಮೆಯ ಅವತಾರವೆಂದು ಕವಯಿತ್ರಿಯು ಕಲ್ಪಿಸಿರುವುದೂ ಅರ್ಥವತ್ತಾದುದು. ಪಾರಿಜಾತವನ್ನು ಬೇಡಿ ಪಡೆದ ಸತ್ಯಭಾಮೆಯು ಬಾಯಿಬಿಟ್ಟು ಕೇಳುವ ನಾಯಿಕೆಯರಲ್ಲಿ ಅಗ್ರಗಣ್ಯಳು. ಅನ್ಯಮತದ ಕನ್ಯೆಯು ಮೇಲುಕೋಟೆಯ ಸ್ವಾಮಿಗೆ ಅರ್ಹಳಾದ ವಧುವೆಂಬುದನ್ನು ಮೈಸೂರಿನ ರಾಣಿಯು ಸಮರ್ಥಿಸಿದ ಬಗೆ ಇದು.

ವಿದ್ವತ್ಕಾವ್ಯವನ್ನು ಬಿಟ್ಟು ಜನರ ಬಾಯಿಗೆ ಬಂದರೆ ಸ್ತ್ರೀವಾಕ್ಕಿನ ಶಕ್ತಿಯು ಪರಾಕಾಷ್ಠೆಯನ್ನು ಮುಟ್ಟಿರುವುದು ಅಲಮೇಲಮ್ಮನ ಕಥೆಯಲ್ಲಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ವಿಜಯನಗರದ ಪ್ರತಿನಿಧಿಯ ಪತ್ನಿಯಾದ ಅಲಮೇಲಮ್ಮನ ಬಳಿ ಉಳಿದಿದ್ದ, ರಂಗನಾಯಕಿಯಮ್ಮನವರಿಗೆ ತೊಡಿಸುತ್ತಿದ್ದ ಒಡವೆಗಳನ್ನು ತರಲು ಜನರನ್ನು ಕಳುಹಿಸಲು, ಆಕೆಯು ಮೂಗುತಿಯನ್ನು ಕೊಟ್ಟು, ಮಿಕ್ಕವುಗಳೊಡನೆ ಮಾಲಂಗಿಯ ಬಳಿ ಕಾವೇರಿಗೆ ಧುಮುಕಿದಳೆಂದೂ, ತಲಕಾಡು ಮರಳಾಗಲೆಂದೂ ಮಾಲಂಗಿ ಮಡುವಾಗಲೆಂದೂ ಮೈಸೂರಿನ ದೊರೆಗಳಿಗೆ ಸಂತಾನವಿಲ್ಲದಿರಲೆಂದೂ ಶಪಿಸಿದಳೆಂದೂ ಐತಿಹ್ಯವು. ತಲಕಾಡಿನ ಮರಳಿಗೆ ನದಿಯ ಗತಿಯೂ ಗಾಳಿಯೂ ಕಾರಣವೆಂಬುದು ನಿಜ. ಆದರೆ ಅರಮನೆಯಲ್ಲಿ ಅಲಮೇಲಮ್ಮನ ಪ್ರತಿಮೆಗೆ ಪೂಜೆಯು ನಡೆದು ಬಂದುದೂ ನಿಜ. ಈ ಕಥೆಯಲ್ಲಿ ಗಂಡನ ಹೆಸರನ್ನು ಕೆಲವರು ತಿರುಮಲರಾಜನೆಂದೂ ಕೆಲವರು ಶ್ರೀರಂಗರಾಯನೆಂದೂ ಹೇಳುವರು. ಅಲಮೇಲಮ್ಮನ ಹೆಸರಿನಲ್ಲಿ ಪಾಠಾಂತರವಿಲ್ಲ. ಆಕೆಯ ರೂಪವನ್ನು ಯಾರೂ ವರ್ಣಿಸಲಿಲ್ಲ, ಶೀಲವನ್ನು ಯಾರೂ ಪರೀಕ್ಷಿಸಲಿಲ್ಲ; ಜನರು ಉಳಿಸಿಕೊಂಡುದು ಆಕೆಯ ಮಾತನ್ನು.

ಈ ಸೀಮೆಯಲ್ಲಿ ಹುಟ್ಟಿದ ಇಪ್ಪತ್ತನೆಯ ಶತಮಾನದ ಕವಿಗಳಿಗೂ ಈ ದಾಯವು ಸಂದಿತು. ಮೇಲುಕೋಟೆಯ ಪು. ತಿ. ನರಸಿಂಹಾಚಾರ್ಯರು 1941ರ ‘ಅಹಲ್ಯೆ’ಯಲ್ಲಿ ಶಾಪಗ್ರಸ್ತೆಯ ಅಂತರಂಗದ ತುಮುಲವನ್ನೇ ಗೀತನಾಟಕದ ವಸ್ತುವಾಗಿ ಮಾಡಿದರು. ಕಿಕ್ಕೇರಿಯ ಕೆ. ಎಸ್. ನರಸಿಂಹಸ್ವಾಮಿಗಳು 1942ರ ‘ಮೈಸೂರು ಮಲ್ಲಿಗೆ’ಯಲ್ಲಿ ಹೆಂಡತಿಯನ್ನು ಗಂಡನೊಡನೆ ಸಮನಾಗಿ ಸಂವಾದಿಸುವವಳನ್ನಾಗಿ ನಿಲ್ಲಿಸಿದರು. ಪುರುಷಕವಿಯು ಸ್ತ್ರೀಯ ಮಾತನ್ನು ಕೇಳಲಾರನೆಂಬ ಸಿದ್ಧಾಂತವನ್ನು ಇವರೀರ್ವರು ಸುಳ್ಳುಮಾಡಿದ್ದಾರೆ.

ಈ ನಿದರ್ಶನಗಳಿಂದ ಅಧ್ಯಾಪಕರಿಗೆ ಒಂದು ಮಾರ್ಗವು ಸೂಚಿತವಾಗುತ್ತದೆ. ಸ್ತ್ರೀಪಾತ್ರವನ್ನು ಪತಿವ್ರತೆ, ಶೃಂಗಾರನಾಯಿಕೆ, ವೀರವನಿತೆ ಎಂಬ ಹೆಸರುಗಳ ಕೆಳಗೆ ಹಂಚಿಬಿಟ್ಟರೆ ಪಾಠವು ಅಲ್ಲಿಗೇ ಮುಗಿಯುವುದು. ಆಕೆಯು ಯಾರಿಗೆ ಹೇಳಿದಳು, ಕೇಳಿದವರು ಏನು ಮಾಡಿದರು ಎಂದು ವಿಚಾರಿಸಿದರೆ ಹೊನ್ನಮ್ಮನ ಒಂಬತ್ತು ಸಂಧಿಗಳನ್ನೂ ಓದಿಸಬೇಕಾಗುವುದು. ಹಾಗೆ ಓದಿಸಿದಾಗ, ಪತಿಸೇವೆಯನ್ನು ಬೋಧಿಸಿದ ಹೊನ್ನಮ್ಮನೂ ಹೆಣ್ಣುಮಗುವಿನ ಪರವಾಗಿ ಸಿಡಿದ ಹೊನ್ನಮ್ಮನೂ ಒಬ್ಬಳೇ ಎಂಬುದು ವಿದ್ಯಾರ್ಥಿಗಳಿಗೆ ವಿಶದವಾಗುವುದು.