ಗಾಲಿ ಹೊಳೀಬೇಕೊ, ಕರ್ರಗಿರಬೇಕೊ?

ಇವತ್ತಿನ ಕಥಿ ಎರಡು ತುಕ್ಕು ಹಿಡಿದ ರಿಮ್‌ನಿಂದ ಶುರು ಆಗ್ತದ. ಕಿತ್ತೂರಿನ ಹತ್ತಿರದ ದೇಗಾಂವದಲ್ಲಿ ನಮ್ಮ ಕಾಕಾನ ಮಗ ಸೆಕೆಂಡ್ ಹ್ಯಾಂಡ್ ಅವೆಂಜರ್ 220 ಕ್ರೂಸ್ ತಂದಾನ. ಸ್ಪೋಕ್ ಗಾಲಿ, ಕ್ರೋಮ್ ರಿಮ್. ಹಿಂದಿನ ಮಾಲೀಕ ಮಳಿಯೊಳಗೇ ನಿಲ್ಲಿಸ್ತಿದ್ದ ಅಂತ ಕಾಣ್ತದ, ರಿಮ್ ತುಂಬ ಕಂದು ಚುಕ್ಕಿ. ಕಮಲನಾರಾಯಣ ಗುಡಿ ಮುಂದ ಗಾಡಿ ನಿಲ್ಲಿಸಿ ಕೇಳಿದ: "ಅಣ್ಣಾ, ಮತ್ತ ಕ್ರೋಮ್ ಮಾಡಸ್ಲ್ಯೋ, ಪೂರಾ ಕರಿ ಪೌಡರ್ ಕೋಟಿಂಗ್ ಹೊಡಸ್ಲ್ಯೋ?"

ಗೋವಾ ಕದಂಬರ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ ಗುಡಿ ಅದು. ಅದರ ಮುಂದ ನಿಂತು ಅವೆಂಜರ್ ರಿಮ್ ಬಗ್ಗೆ ಚರ್ಚೆ ಮಾಡೋದು ಸ್ವಲ್ಪ ತಮಾಷೆ ಅನಿಸ್ತು. ಆದ್ರ ಪ್ರಶ್ನೆ ತಮಾಷೆದಲ್ಲ. ಗಾಲಿ ಹೊಳೀಬೇಕು ಅನ್ನೋ ಆಸೆ ಎಲ್ಲಿಂದ ಬಂತು?

ನಮ್ಮ ಚಕ್ಕಡಿ ಗಾಲಿ ಹೊಳೀತಿತ್ತು, ಆದ್ರ ಯಾರೂ ಹೊಳಪು ಕೊಟ್ಟಿರಲಿಲ್ಲ. ಕಬ್ಬಿಣದ ಹಳಿಯನ್ನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಅದು ಹಿಗ್ಗಿದಾಗ ಮರದ ಗಾಲಿಗೆ ಏರಿಸಿ, ನೀರು ಸುರಿದರೆ ಕುಗ್ಗಿ ಬಿಗಿ ಹಿಡಿಯುತ್ತಿತ್ತು. ಆಮೇಲೆ ಮಣ್ಣಿಗೆ, ಕಲ್ಲಿಗೆ ಉಜ್ಜಿ ಉಜ್ಜಿ ತಾನೇ ಬೆಳ್ಳಗಾಗ್ತಿತ್ತು. ನಾಲ್ಕು ದಿನ ಕಟ್ಟಿಹಾಕಿದರೆ ಮತ್ತ ತುಕ್ಕು. ದುಡಿಯೋ ಗಾಲಿ ಹೊಳೀತದ, ನಿಂತ ಗಾಲಿ ಮಂಕಾಗ್ತದ, ಅಷ್ಟೇ ಲೆಕ್ಕ.

ಮೋಟಾರ್‌ಸೈಕಲ್ಲಿನ ಹೊಳಪು ಬೇರೆ ಜಾತಿದು. ಮೊದಲು ಬಂದದ್ದು ನಿಕಲ್. ಅದು ದಿನ ಕಳೆದಂಗ ಮಂಕಾಗ್ತದ, ತಿಕ್ಕುತ್ತಲೇ ಇರಬೇಕು. 1920ರ ದಶಕದಲ್ಲಿ ಕ್ರೋಮ್ ಲೇಪನ ಕಾರ್ಖಾನೆಗಳಿಗೆ ಬಂತು. ಇಲ್ಲಿ ಒಂದು ಮಾತು ಗೊತ್ತಿರಲಿ: ಅಲಂಕಾರಕ್ಕೆ ಹಾಕೋ ಕ್ರೋಮ್ ಪದರ ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳು. ತುಕ್ಕು ತಡೆಯೋದು ಅದರ ಕೆಳಗಿನ ನಿಕಲ್. ನಿಕಲ್ ಹಾಕೋದ್ರಲ್ಲಿ ಜಿಪುಣತನ ಮಾಡಿದ್ರೆ ಮೇಲೆ ಕನ್ನಡಿ, ಒಳಗೆ ತುಕ್ಕು. ತಮ್ಮನ ರಿಮ್‌ನ ಕಂದು ಚುಕ್ಕಿಗಳು ಹಂಗೇ ಸಣ್ಣ ರಂಧ್ರಗಳಿಂದ ಹೊರಗೆ ಬಂದವು.

ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಬೈಕುಗಳ ರಿಮ್‌ಗೂ ಮಂಕು ಹಸಿರು ಬಣ್ಣ ಬಳಿದರು. ಹೊಳೆಯೋದು ಶತ್ರುವಿಗೆ ಕಾಣ್ತದ, ನಿಕಲ್ಲಿಗೂ ಬರ. ಯುದ್ಧ ಮುಗಿದ ಮೇಲೆ ಅಮೆರಿಕದ ಹುಡುಗರು ಅದಕ್ಕೆ ಉಲ್ಟಾ ಹೊಡೆದು ಕಂಡ ಕಂಡದ್ದಕ್ಕೆಲ್ಲಾ ಕ್ರೋಮ್ ಮಾಡಿಸಿದರು. 1969ರ 'ಈಸಿ ರೈಡರ್' ಸಿನಿಮಾ ಆ ಉದ್ದ ಮುಂಗಾಲಿನ ಹೊಳೆಯೋ ಬೈಕನ್ನ ಜಗತ್ತಿಗೆಲ್ಲಾ ತೋರಿಸಿತು. ಕ್ರೂಸರ್ ಅಂದ್ರ ಕ್ರೋಮ್ ಅಂತ ನಮ್ಮ ತಲಿಯೊಳಗ ಕೂತದ್ದು ಆ ಕಾಲದ ಪ್ರಭಾವ.

ನಮ್ಮ ಕರ್ನಾಟಕದ ಹೊಳಪು ಮೈಸೂರಿಂದ ಬಂತು. ಐಡಿಯಲ್ ಜಾವಾ ಕಂಪನಿ 1960ರ ದಶಕದ ಆರಂಭದಿಂದ ಜಾವಾ, ಆಮೇಲೆ ಯೆಜ್ಡಿ ಹೆಸರಲ್ಲಿ ಬೈಕು ಮಾಡಿ 1996ರಲ್ಲಿ ಬಾಗಿಲು ಹಾಕಿತು. ಮರೂನ್ ಟ್ಯಾಂಕಿನ ಪಕ್ಕಕ್ಕೆ ಕ್ರೋಮ್ ಇದ್ದ ಆ ಜಾವಾ ಇವತ್ತಿಗೂ ಜನ ತಿರುಗಿ ನೋಡೋ ಬೈಕು. ಅದು ಕ್ರೂಸರ್ ಅಲ್ಲ, ಒಪ್ತೀನಿ. 2018ರಲ್ಲಿ ಹೆಸರು ವಾಪಸ್ ಬಂತು, ಕಾರ್ಖಾನೆ ಮಾತ್ರ ಮಧ್ಯಪ್ರದೇಶದ ಪೀಥಂಪುರದಾಗ.

ದೇಶದ ಜನರ ಕೈಗೆ ಸಿಗೋ ಕ್ರೂಸರ್ ಅಂದ್ರ 2001ರ ಎಲಿಮಿನೇಟರ್, 2005ರಿಂದ ಅವೆಂಜರ್. 2015ರಲ್ಲಿ ಬಜಾಜ್ ಕಂಪನಿ ತಮ್ಮನ ಪ್ರಶ್ನೆಯನ್ನೇ ಶೋರೂಮಿನಲ್ಲಿ ಇಟ್ಟಿತು: 220 ಕ್ರೂಸ್ ಅಂದ್ರ ಕ್ರೋಮ್, ಸ್ಪೋಕ್, 220 ಸ್ಟ್ರೀಟ್ ಅಂದ್ರ ಕಪ್ಪು ಅಲಾಯ್. ಇಂಜಿನ್ ಒಂದೇ. 2020ರಲ್ಲಿ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಬಂದಾಗ ಫೈರ್‌ಬಾಲ್‌ಗೆ ರಿಮ್ ಸುತ್ತ ಬಣ್ಣದ ಪಟ್ಟಿ, ಸೂಪರ್‌ನೋವಾಗೆ ಲೇತಿನಲ್ಲಿ ಕಡಿದು ಹೊಳಪು ಕೊಟ್ಟ ಅಲಾಯ್. ಗಾಲಿ ನೋಡಿ ಗಾಡಿಯ ದರ್ಜೆ ಹೇಳೋ ಕಾಲ ಬಂತು.

ಸರಿ, ತಮ್ಮಗ ಏನು ಹೇಳಲಿ? ಕ್ರೋಮ್ ತೊಟ್ಟಿಯಲ್ಲಿರೋ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರ್ತದ. ಗ್ಲೌಸ್ ಇಲ್ಲದ, ಮಾಸ್ಕ್ ಇಲ್ಲದ ಸಣ್ಣ ಶೆಡ್‌ನಲ್ಲಿ ಅಗ್ಗಕ್ಕೆ ಮಾಡಿಸಿದ ಹೊಳಪಿನ ಬಾಕಿ ದುಡ್ಡು ಅಲ್ಲಿನ ಹುಡುಗನ ಪುಪ್ಪುಸ ಕಟ್ತದ. ಕಾಮರ್ಸ್ ಓದಿದವನಿಗೆ ಈ ಖರ್ಚನ್ನ ಲೆಕ್ಕದಿಂದ ಬಿಡೋಕೆ ಆಗಲ್ಲ.

ಪೌಡರ್ ಕೋಟಿಂಗ್ ಸೋವಿ ಏನಲ್ಲ, ಆದ್ರ ಮಳಿಗೆ ಗಟ್ಟಿ. ಒಣ ಪುಡಿಯನ್ನ ವಿದ್ಯುತ್ ಸೆಳೆತದಿಂದ ಅಂಟಿಸಿ, ಸುಮಾರು 180ರಿಂದ 200 ಡಿಗ್ರಿ ಭಟ್ಟಿಯಲ್ಲಿ ಕಾಯಿಸ್ತಾರ. ಇಲ್ಲಿ ನನ್ನ ಹಳೇ ಬೈಕಿನ ನೋವು ಹೇಳಲೇಬೇಕು. ಒಬ್ಬ ಮಹಾಶಯ ಬೇರಿಂಗ್ ಬಿಚ್ಚದೇ ಗಾಲಿಯನ್ನ ಭಟ್ಟಿಗೆ ಹಾಕಿದ. ಒಳಗಿನ ಗ್ರೀಸ್ ಕರಗಿ ಹೋಯ್ತು. ತಿಂಗಳೊಳಗ ಹಿಂದಿನ ಗಾಲಿ ಬೀಸೋಕಲ್ಲಿನಂಗ ಗರಗರ ಅನ್ನಾಕ ಹತ್ತಿತು. ಬಣ್ಣ ಮಾತ್ರ ಭಾಳ ಚಂದಿತ್ತು.

ಅದಕ್ಕ ತಮ್ಮನ ಗಾಲಿಗೆ ಮೊದಲೇ ಷರತ್ತು ಹಾಕಿದ್ವಿ. ಹಬ್, ಸ್ಪೋಕ್, ಬೇರಿಂಗ್ ಎಲ್ಲಾ ಬಿಚ್ಚಿ ಬರೀ ರಿಮ್ ಕೊಡೋದು. ಸ್ಪೋಕಿನ ನಿಪ್ಪಲ್ ಕೂರೋ ತೂತುಗಳಿಗೆ ಪುಡಿ ತಾಗದಂಗ ಟೇಪ್ ಹಚ್ಚೋದು. ಅಲ್ಲಿ ಬಣ್ಣ ದಪ್ಪ ಕೂತರೆ ಓಡ್ತಾ ಓಡ್ತಾ ಅದು ಒತ್ತಿ ಕುಗ್ಗಿ, ಸ್ಪೋಕ್ ಸಡಿಲಾಗ್ತದ, ರಿಮ್ ಅಲ್ಲಾಡ್ತದ. ತುಕ್ಕು ಹಿಡಿದ ಸ್ಪೋಕಿಗೆ ಬಣ್ಣ ಬಳಿಯೋದೇ ಬೇಡ, ಹೊಸಾ ಸ್ಟೇನ್‌ಲೆಸ್ ಸ್ಪೋಕ್ ಹಾಕೋದು.

"ಅಂದ್ರ ಪೂರಾ ಕರಿ?" ಅಂತ ಮುಖ ಸಣ್ಣ ಮಾಡಿದ. ರಿಮ್ ಕರಿ, ಸ್ಪೋಕ್ ಬೆಳ್ಳಗ, ಬೇಕಂದ್ರ ಅಂಚಿಗೆ ಒಂದು ಕೆಂಪು ಪಟ್ಟಿ ಅಂಟಿಸ್ಕೊ ಅಂದೆ. ಪಟ್ಟಿ ಬ್ಯಾಡ ಅಂದ. ಈಗ ಗಾಲಿ ಎರಡೂ ಬೆಳಗಾವಿಯಲ್ಲಿವೆ, ಗಾಡಿ ದೇಗಾಂವದಲ್ಲಿ ಇಟ್ಟಂಗಿ ಮ್ಯಾಲೆ ನಿಂತದ. ವಾಪಸ್ ಬಂದು ಐನೂರು ಕಿಲೋಮೀಟರ್ ಓಡಿದ ಮೇಲೆ ಸ್ಪೋಕ್ ಇನ್ನೊಮ್ಮೆ ಬಿಗಿ ಮಾಡಿಸಬೇಕು, ಅದನ್ನ ಮರೀಬ್ಯಾಡ ಅಂತ ಅವನ ಫೋನಿನಲ್ಲಿ ನಾನೇ ರಿಮೈಂಡರ್ ಇಟ್ಟೀನಿ.