ಸ್ವನಿರ್ಮಿತ ರೇಸ್ ಕಾರಿನ ಹಿಂಬದಿ ಬ್ರೇಕ್ ಕ್ಯಾಲಿಪರ್‌ಗಳ ಸ್ಥಾನ

ಸ್ವಂತವಾಗಿ ರೇಸ್ ಕಾರನ್ನು ನಿರ್ಮಿಸುವವರು ಮಾಡಬೇಕಾದ ವಿನ್ಯಾಸದ ನಿರ್ಧಾರಗಳಲ್ಲಿ ಹಿಂಬದಿ ಬ್ರೇಕ್ ಕ್ಯಾಲಿಪರ್‌ಗಳ ಸ್ಥಾನವೂ ಒಂದು. ಡಿಸ್ಕ್ ಬ್ರೇಕ್ ವ್ಯವಸ್ಥೆಯಲ್ಲಿ ಚಕ್ರದೊಡನೆ ತಿರುಗುವ ಲೋಹದ ತಟ್ಟೆಯನ್ನು ಡಿಸ್ಕ್ ಎಂದೂ, ಅದನ್ನು ಪ್ಯಾಡ್‌ಗಳ ನಡುವೆ ಎರಡೂ ಬದಿಗಳಿಂದ ಅದುಮುವ ಭಾಗವನ್ನು ಕ್ಯಾಲಿಪರ್ ಎಂದೂ ಕರೆಯುತ್ತಾರೆ. ಕ್ಯಾಲಿಪರನ್ನು ಡಿಸ್ಕಿನ ಸುತ್ತ ಮುಂದೆ, ಹಿಂದೆ, ಮೇಲೆ ಅಥವಾ ಕೆಳಗೆ ಜೋಡಿಸಬಹುದು. ಈ ಆಯ್ಕೆಯಿಂದ ಬ್ರೇಕಿನ ಬಲ ಹೆಚ್ಚಾಗುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಆದರೆ ಬೇರಿಂಗಿನ ಮೇಲಿನ ಹೊರೆ, ಬ್ರೇಕ್ ಆಯಿಲ್‌ನಿಂದ ಗಾಳಿ ತೆಗೆಯುವ ಅನುಕೂಲ ಹಾಗೂ ಕಾರಿನ ಗುರುತ್ವ ಕೇಂದ್ರ ಇದನ್ನು ಅವಲಂಬಿಸಿವೆ.

ಹಿನ್ನೆಲೆ

ಕಾರ್ಖಾನೆಯಲ್ಲಿ ತಯಾರಾದ ಕಾರುಗಳಲ್ಲಿ ಕ್ಯಾಲಿಪರಿನ ಸ್ಥಾನವನ್ನು ತಯಾರಕರೇ ನಿಗದಿಪಡಿಸಿರುತ್ತಾರೆ. ಬ್ರಿಟನ್ನಿನಲ್ಲಿ ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ಲೋಟಸ್ ಸೆವೆನ್ ಕಾರನ್ನು ಬಿಡಿಭಾಗಗಳ ರೂಪದಲ್ಲಿ ಕೊಂಡು ಮನೆಯಲ್ಲಿಯೇ ಜೋಡಿಸಬಹುದಾಗಿತ್ತು. ರಾನ್ ಚಾಂಪಿಯನ್ 1996ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಲೋಕಾಸ್ಟ್ ಎಂಬ ಅಗ್ಗದ ಸ್ವನಿರ್ಮಿತ ಕಾರುಗಳು ಜನಪ್ರಿಯವಾದವು. ಇವುಗಳಲ್ಲಿ ಹಲವಕ್ಕೆ ಹಳೆಯ ಫೋರ್ಡ್ ಎಸ್ಕಾರ್ಟ್‌ನ ಹಿಂಬದಿ ಆಕ್ಸಲ್ ಬಳಕೆಯಾಯಿತು. ಆ ಆಕ್ಸಲಿನಲ್ಲಿರುವುದು ಡ್ರಮ್ ಬ್ರೇಕ್. ಅದರ ಬದಲು ಡಿಸ್ಕ್ ಬ್ರೇಕ್ ಅಳವಡಿಸುವವರು ಕ್ಯಾಲಿಪರ್ ಹಿಡಿದಿಡುವ ಬ್ರಾಕೆಟ್ಟನ್ನು ತಾವೇ ರೂಪಿಸಬೇಕಾಗುತ್ತದೆ.

ಬ್ರೇಕಿನ ಬಲ

ಬ್ರೇಕಿನ ತಿರುಗುಬಲವು ಪ್ಯಾಡ್ ಒತ್ತುವ ಬಲ, ಘರ್ಷಣೆಯ ಗುಣಾಂಕ ಹಾಗೂ ಆಕ್ಸಲಿನ ಕೇಂದ್ರದಿಂದ ಪ್ಯಾಡಿನ ಮಧ್ಯಕ್ಕಿರುವ ದೂರ, ಈ ಮೂರನ್ನು ಅವಲಂಬಿಸಿದೆ. ಕ್ಯಾಲಿಪರ್ ಡಿಸ್ಕಿನ ಸುತ್ತ ಎಲ್ಲಿದ್ದರೂ ಈ ದೂರ ಒಂದೇ ಆಗಿದ್ದರೆ ಬಲವೂ ಒಂದೇ. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ಸರಿದು ಹಿಂದಿನ ಚಕ್ರಗಳ ಹಿಡಿತ ಕುಗ್ಗುತ್ತದೆ. ಆಗ ಮುಂದಿನ ಚಕ್ರಗಳಿಗಿಂತ ಮೊದಲೇ ಹಿಂದಿನವು ಲಾಕ್ ಆದರೆ ಕಾರು ಗಿರಕಿ ಹೊಡೆಯುವ ಅಪಾಯವಿದೆ. ಈ ದೋಷವನ್ನು ಕ್ಯಾಲಿಪರಿನ ಸ್ಥಾನ ಬದಲಿಸಿ ನಿವಾರಿಸಲಾಗದು. ಪಿಸ್ಟನ್‌ಗಳ ಗಾತ್ರ, ಪ್ಯಾಡಿನ ಆಯ್ಕೆ ಅಥವಾ ಪೆಡಲಿನ ಬ್ಯಾಲೆನ್ಸ್ ಬಾರ್ ಮೂಲಕವೇ ಸರಿಪಡಿಸಬೇಕು.

ಬೇರಿಂಗಿನ ಮೇಲಿನ ಹೊರೆ

ಕಾರು ಮುಂದಕ್ಕೆ ಸಾಗುವಾಗ ಡಿಸ್ಕಿನ ಮುಂಭಾಗ ಕೆಳಕ್ಕೂ ಹಿಂಭಾಗ ಮೇಲಕ್ಕೂ ಚಲಿಸುತ್ತದೆ. ಘರ್ಷಣೆಯು ಚಲನೆಗೆ ವಿರುದ್ಧವಾದುದರಿಂದ ಆಕ್ಸಲಿನ ಮುಂದಿರುವ ಕ್ಯಾಲಿಪರ್ ಡಿಸ್ಕನ್ನು ಮೇಲಕ್ಕೆ ತಳ್ಳಿದರೆ, ಹಿಂದಿರುವ ಕ್ಯಾಲಿಪರ್ ಕೆಳಕ್ಕೆ ತಳ್ಳುತ್ತದೆ. ನೆಲವು ಚಕ್ರವನ್ನು ಸದಾ ಮೇಲಕ್ಕೆ ಒತ್ತುತ್ತಿರುತ್ತದೆ. ಹೀಗಾಗಿ ಮುಂದಿರುವ ಕ್ಯಾಲಿಪರಿನ ಬಲ ಆ ಒತ್ತಡಕ್ಕೆ ಕೂಡಿಕೊಳ್ಳುತ್ತದೆ. ಹಿಂದಿರುವುದರ ಬಲ ಅದರಿಂದ ಕಳೆಯುತ್ತದೆ.

ಉದಾಹರಣೆಗೆ, ಚಕ್ರದ ಮೇಲಿನ ಭಾರ 1,500 ನ್ಯೂಟನ್, ನೆಲದಲ್ಲಿ ಉಂಟಾಗುವ ಬ್ರೇಕ್ ಬಲ 1,000 ನ್ಯೂಟನ್, ಟೈರಿನ ತ್ರಿಜ್ಯ 280 ಮಿ.ಮೀ., ಪ್ಯಾಡಿನ ಮಧ್ಯದ ತ್ರಿಜ್ಯ 110 ಮಿ.ಮೀ. ಎಂದಿಟ್ಟುಕೊಂಡರೆ, ಕ್ಯಾಲಿಪರಿನ ಬಲ ಸುಮಾರು 2,545 ನ್ಯೂಟನ್ ಆಗುತ್ತದೆ. ಕ್ಯಾಲಿಪರ್ ನೇರ ಮುಂದಿದ್ದರೆ ಬೇರಿಂಗಿನ ಒಟ್ಟು ಹೊರೆ ಸುಮಾರು 4,170 ನ್ಯೂಟನ್. ನೇರ ಹಿಂದಿದ್ದರೆ ಸುಮಾರು 1,450 ನ್ಯೂಟನ್ ಮಾತ್ರ. ಆದಾಗ್ಯೂ ಕ್ಯಾಲಿಪರ್ ಮತ್ತು ಬೇರಿಂಗ್‌ಗಳೆರಡೂ ಒಂದೇ ಅಪ್‌ರೈಟ್‌ಗೆ ಜೋಡಣೆಯಾಗಿದ್ದರೆ ಈ ವ್ಯತ್ಯಾಸ ಅದರೊಳಗೇ ಸಮಗೊಳ್ಳುತ್ತದೆ. ಸಸ್ಪೆನ್ಷನ್ ತೋಳುಗಳಿಗೆ ತಲುಪುವ ಒಟ್ಟು ಬಲ ಬದಲಾಗುವುದಿಲ್ಲ.

ಗಾಳಿ ತೆಗೆಯುವ ನಿಪ್ಪಲ್

ಗಾಳಿಯ ಗುಳ್ಳೆಗಳು ಮೇಲಕ್ಕೇರುವುದರಿಂದ ಬ್ಲೀಡ್ ನಿಪ್ಪಲ್ ಕ್ಯಾಲಿಪರಿನ ಅತ್ಯಂತ ಎತ್ತರದ ಭಾಗದಲ್ಲಿರಬೇಕು. ಇಲ್ಲವಾದರೆ ಒಳಗುಳಿದ ಗಾಳಿಯಿಂದ ಪೆಡಲ್ ಮೆತ್ತಗಾಗುತ್ತದೆ. ಗುರುತ್ವ ಕೇಂದ್ರವನ್ನು ತಗ್ಗಿಸಲು ಕ್ಯಾಲಿಪರನ್ನು ಡಿಸ್ಕಿನ ಕೆಳಗೆ ಕೂರಿಸಿದಾಗ ಈ ತೊಂದರೆ ಸಾಮಾನ್ಯ. ಅಂತಹ ಕಾರಿನಲ್ಲಿ ಗಾಳಿ ತೆಗೆಯುವಾಗಲೆಲ್ಲ ಕ್ಯಾಲಿಪರನ್ನು ಬಿಚ್ಚಿ, ಪ್ಯಾಡ್‌ಗಳ ನಡುವೆ ಡಿಸ್ಕಿನಷ್ಟೇ ದಪ್ಪದ ತುಂಡನ್ನಿಟ್ಟು, ನಿಪ್ಪಲ್ ಮೇಲಾಗುವಂತೆ ಹಿಡಿಯಬೇಕಾಗುತ್ತದೆ.

ಮುಂದಿನಿಂದ ಹಿಂದಕ್ಕೆ ಸ್ಥಳಾಂತರಿಸುವಾಗ ಎಡ ಮತ್ತು ಬಲ ಕ್ಯಾಲಿಪರ್‌ಗಳನ್ನು ಅದಲುಬದಲು ಮಾಡಿದರೆ ನಿಪ್ಪಲ್ ಮೇಲೆಯೇ ಉಳಿಯುತ್ತದೆ. ಆದರೆ ಪ್ಯಾಡ್ ಓರೆಯಾಗಿ ಸವೆಯದಂತೆ ಕೆಲವು ಕ್ಯಾಲಿಪರ್‌ಗಳಲ್ಲಿ ಡಿಸ್ಕ್ ಒಳಹೊಗುವ ತುದಿಗೆ ಚಿಕ್ಕ ಪಿಸ್ಟನ್, ಹೊರಬರುವ ತುದಿಗೆ ದೊಡ್ಡ ಪಿಸ್ಟನ್ ಇರುತ್ತದೆ. ಅದಲುಬದಲಿನಿಂದ ಈ ಕ್ರಮ ತಿರುಗುಮುರುಗಾಗುವುದರಿಂದ ಅಂತಹವನ್ನು ಹೀಗೆ ಬಳಸಬಾರದು.

ಜೋಡಣೆ

ಹಿಂಬದಿಯಲ್ಲಿ ಸಸ್ಪೆನ್ಷನ್ ತೋಳುಗಳು, ಡ್ರೈವ್ ಶಾಫ್ಟ್ ಹಾಗೂ ಹ್ಯಾಂಡ್‌ಬ್ರೇಕ್ ಕೇಬಲ್ ಇರುವುದರಿಂದ ಉಳಿಯುವ ಜಾಗ ಕಡಿಮೆ. ಚಕ್ರ ಮೇಲೆ ಕೆಳಗೆ ಪೂರ್ಣವಾಗಿ ಚಲಿಸಿದಾಗಲೂ ಕ್ಯಾಲಿಪರ್ ಯಾವುದಕ್ಕೂ ತಾಗಬಾರದು. ಬ್ರೇಕ್ ಹೋಸ್ ಬಿಗಿಯಾಗಬಾರದು. ರಿಮ್ಮಿನ ಒಳಭಾಗಕ್ಕೂ ಕ್ಯಾಲಿಪರಿಗೂ ನಡುವೆ ತೆರವಿರಬೇಕು. ಎರಡೂ ಬದಿಯಲ್ಲಿ ಪಿಸ್ಟನ್‌ಗಳಿರುವ ಸ್ಥಿರ ಕ್ಯಾಲಿಪರನ್ನು ಶಿಮ್‌ಗಳಿಂದ ಡಿಸ್ಕಿನ ಮಧ್ಯಕ್ಕೆ ತಂದು, ಡಿಸ್ಕಿಗೆ ಸಮಾಂತರವಾಗಿಸಬೇಕು. ಆಕ್ಸಲ್ ಶಾಫ್ಟಿನಲ್ಲಿ ಅಕ್ಕಪಕ್ಕದ ಆಟವಿದ್ದರೆ ಡಿಸ್ಕ್ ಪಿಸ್ಟನ್‌ಗಳನ್ನು ಹಿಂದಕ್ಕೆ ತಳ್ಳಿ, ಮುಂದಿನ ಸಲ ಪೆಡಲ್ ಆಳಕ್ಕಿಳಿಯುತ್ತದೆ. ಅಲ್ಲಿ ಜಾರುವ ಬಗೆಯ ಕ್ಯಾಲಿಪರ್ ಸೂಕ್ತ.

ಬ್ರಾಕೆಟ್ ಬ್ರೇಕಿನ ಪೂರ್ಣ ಬಲವನ್ನು ಹೊರುವ ಭಾಗವಾಗಿದೆ. ಅದು ಬಾಗಿದರೆ ಪ್ಯಾಡ್ ಓರೆಯಾಗಿ ಸವೆಯುತ್ತದೆ. ಮುರಿದರೆ ಆ ಚಕ್ರದ ಬ್ರೇಕ್ ಇಲ್ಲವಾಗುತ್ತದೆ. ಆದ್ದರಿಂದಲೇ ಜೋಡಣೆಯ ಅಂತಿಮ ಪರೀಕ್ಷೆ ಕಾರನ್ನು ಓಡಿಸಿ ನಡೆಯುತ್ತದೆ. ವಿದ್ಯಾರ್ಥಿಗಳು ನಿರ್ಮಿಸುವ ಕಾರುಗಳ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಲ್ಲಿ, ವೇಗದಿಂದ ಬಂದು ಬ್ರೇಕ್ ಹಾಕಿದಾಗ ನಾಲ್ಕೂ ಚಕ್ರಗಳು ಲಾಕ್ ಆಗುವುದನ್ನು ತೋರಿಸಿದ ಬಳಿಕವೇ ಕಾರಿಗೆ ಓಟದ ಅನುಮತಿ ದೊರೆಯುತ್ತದೆ.